ಬೆಂಗಳೂರು–ದೆಹಲಿ: ಇಷ್ಟೊಂದು ವಿಮಾನಗಳಲ್ಲಿ ಯಾವುದನ್ನು ಆರಿಸಬೇಕು?

ಬೆಂಗಳೂರಿನಿಂದ ದೆಹಲಿಗೆ ಟಿಕೆಟ್ ಹುಡುಕಲು ಕೂತರೆ ಮೊಬೈಲ್ ಪರದೆಯಲ್ಲಿ ಪಟ್ಟಿ ಮುಗಿಯುವುದೇ ಇಲ್ಲ. ಬೆಳಕು ಹರಿಯುವ ಮುಂಚೆ ಹೊರಡುವುದರಿಂದ ಹಿಡಿದು ನಡುರಾತ್ರಿಯವರೆಗೆ ಸಾಲು ಸಾಲು ವಿಮಾನಗಳು. ದೇಶದೊಳಗೆ ಮುಂಬೈ–ದೆಹಲಿ ಬಿಟ್ಟರೆ ಅತಿ ಹೆಚ್ಚು ಜನ ಹಾರುವ ದಾರಿ ಇದೇ. ಐಟಿಯವರು, ಸುಪ್ರೀಂ ಕೋರ್ಟಿಗೆ ಹೋಗುವ ವಕೀಲರು, ಯುಪಿಎಸ್‌ಸಿ ತಯಾರಿಯ ಮಕ್ಕಳು, ಸೈನ್ಯದಲ್ಲಿರುವವರು, ಹಿಮಾಲಯ ನೋಡಲು ಹೊರಟ ಕುಟುಂಬಗಳು, ಎಲ್ಲರೂ ಈ ದಾರಿಯವರೇ. ದೂರ ಸುಮಾರು 1,700 ಕಿ.ಮೀ. ರಾಜಧಾನಿ ರೈಲಿಗೂ ಸುಮಾರು 33 ಗಂಟೆ ಬೇಕು. ವಿಮಾನ ಮೂರು ಗಂಟೆಯೊಳಗೆ ಇಳಿಸುತ್ತದೆ.

ಹೆಚ್ಚಿನವರು ಪಟ್ಟಿಯನ್ನು ಬೆಲೆ ಪ್ರಕಾರ ಜೋಡಿಸಿ, ಮೊದಲು ಕಾಣುವುದನ್ನು ಬುಕ್ ಮಾಡುತ್ತಾರೆ. ನಾನು ಹಾಗೆ ಮಾಡಬೇಡಿ ಅನ್ನುತ್ತೇನೆ. ಈ ದಾರಿಯಲ್ಲಿ ಮೊದಲು ನೋಡಬೇಕಾದದ್ದು ಹೊರಡುವ ಗಂಟೆ. ಆಮೇಲೆ ದೆಹಲಿಯಲ್ಲಿ ಯಾವ ಟರ್ಮಿನಲ್‌ಗೆ ಇಳಿಯುತ್ತೀರಿ ಎನ್ನುವುದು. ಮೂರನೆಯದು, ನಿಮ್ಮ ವಿಮಾನ ರದ್ದಾದರೆ ಅದೇ ಕಂಪನಿಯ ಮುಂದಿನ ವಿಮಾನ ಎಷ್ಟು ಹೊತ್ತಿಗೆ ಇದೆ ಎನ್ನುವುದು. ಈ ಮೂರೂ ಸರಿ ಕಂಡ ಮೇಲೆ ಬೆಲೆ ನೋಡಿ. ಕಂಪನಿಯ ಹೆಸರು ಕೊನೆಗೆ ಬಂದರೂ ಸಾಕು.

ಯಾಕೆ ಇಷ್ಟು ವಿಮಾನ ಸೇರಿಸುತ್ತಾರೆ?

ಇದು ಗೊತ್ತಿದ್ದರೆ ಆರಿಸುವುದು ಸುಲಭ. ಕಂಪನಿ ಖರ್ಚಿನಲ್ಲಿ ಓಡಾಡುವವರೇ ಈ ದಾರಿಯಲ್ಲಿ ಒಳ್ಳೆಯ ದುಡ್ಡು ಕೊಡುವ ಪ್ರಯಾಣಿಕರು. ಅವರಿಗೆ ಮೀಟಿಂಗ್ ಮುಗಿದ ತಕ್ಷಣ ವಾಪಸ್ ಬರುವ ಅನುಕೂಲ ಬೇಕು. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಮೈಸೂರು ಬಸ್ಸಿಗೆ ಯಾರೂ ಸಮಯದ ಪಟ್ಟಿ ನೋಡುವುದಿಲ್ಲ, ಒಂದು ಹೋದರೆ ಇನ್ನೊಂದು ಬರುತ್ತದೆ ಅಲ್ವಾ? ವಿಮಾನದಲ್ಲೂ ಅಂಥ ನಂಬಿಕೆ ಹುಟ್ಟಿಸಿದ ಕಂಪನಿಗೆ ಜನ ಒಲಿಯುತ್ತಾರೆ. ಒಂದು ದಾರಿಯಲ್ಲಿ ಎಲ್ಲರಿಗಿಂತ ಜಾಸ್ತಿ ವಿಮಾನ ಬಿಡುವವರಿಗೆ, ಅವರ ವಿಮಾನಗಳ ಪಾಲಿಗಿಂತಲೂ ದೊಡ್ಡ ಪಾಲು ಪ್ರಯಾಣಿಕರು ಸಿಗುತ್ತಾರೆ ಎನ್ನುವುದು ವಿಮಾನ ವ್ಯಾಪಾರದಲ್ಲಿ ಹಳೆಯ ತಿಳಿವಳಿಕೆ. ಹಾಗಾಗಿ ಒಬ್ಬರು ಒಂದು ಸೇರಿಸಿದರೆ ಇನ್ನೊಬ್ಬರೂ ಸೇರಿಸುತ್ತಾರೆ.

ಇನ್ನೊಂದು ಕಾರಣ ಸ್ಲಾಟ್, ಅಂದರೆ ನಿಲ್ದಾಣದಲ್ಲಿ ಇಳಿಯಲು, ಹೊರಡಲು ಕಂಪನಿಗೆ ಸಿಗುವ ಗೊತ್ತಾದ ಹೊತ್ತು. ದೆಹಲಿಯಂಥ ಕಿಕ್ಕಿರಿದ ನಿಲ್ದಾಣದಲ್ಲಿ ಬೆಳಗ್ಗೆ ಏಳಕ್ಕೆ ಇಳಿಯುವ ಹಕ್ಕು ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕಿದ್ದನ್ನು ಸರಿಯಾಗಿ ಬಳಸದಿದ್ದರೆ ಮುಂದಿನ ಬಾರಿ ಕೈತಪ್ಪಬಹುದು. ಆದ್ದರಿಂದ ಸೀಟು ತುಂಬದಿದ್ದರೂ ಕೆಲವು ಹೊತ್ತಿನ ವಿಮಾನಗಳನ್ನು ಕಂಪನಿಗಳು ನಿಲ್ಲಿಸುವುದಿಲ್ಲ. ನಮಗೆ ಅಗ್ಗದ ಟಿಕೆಟ್ ಸಿಗುವುದು ಹೆಚ್ಚಾಗಿ ಅಲ್ಲೇ. ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಹೊಸ ವಿಮಾನಗಳು ಹೆಚ್ಚಾಗಿ ಆ ಹೊತ್ತಿಗೇ ಸೇರುತ್ತವೆ. ಆ ಎರಡು ದಿನಗಳ ಆಚೆಗೆ ಪ್ರಯಾಣವಿದ್ದು, ತಿಂಗಳುಗಟ್ಟಲೆ ಮುಂಚೆ ಟಿಕೆಟ್ ತೆಗೆದಿದ್ದರೆ, ನಿಮ್ಮ ವಿಮಾನದ ಸಮಯ ಬದಲಾಗಿದೆಯೇ ಎಂದು ಮತ್ತೆ ನೋಡಿಕೊಳ್ಳಿ.

ಸ್ಪರ್ಧೆ ಇರುವವರೆಗೆ ನಮಗೆ ಲಾಭ. ಆದರೆ ಈ ಆಟದಲ್ಲಿ ಉಳಿದವರು ಕಡಿಮೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದಲೇ ಅಗ್ಗದ ವಿಮಾನ ಪ್ರಯಾಣ ಶುರು ಮಾಡಿತು. 2005ರಲ್ಲಿ ಬಂದ ಕಿಂಗ್‌ಫಿಷರ್ ಕೂಡ ಬೆಂಗಳೂರಿನದೇ, 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. ನಮ್ಮೂರಲ್ಲೇ ಕಚೇರಿ ಇಟ್ಟಿದ್ದ ಏರ್‌ಏಷ್ಯಾ ಇಂಡಿಯಾ 2024ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಜೊತೆ ಸೇರಿತು. ಮರು ತಿಂಗಳು ವಿಸ್ತಾರ ಏರ್ ಇಂಡಿಯಾದೊಳಗೆ ಕರಗಿತು. ಈಗ ಪಟ್ಟಿಯಲ್ಲಿ ಎಷ್ಟೇ ವಿಮಾನ ಕಂಡರೂ ಹೆಚ್ಚಿನವು ಎರಡೇ ಮನೆಯವು, ಇಂಡಿಗೋ ಮತ್ತು ಟಾಟಾ (ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್). ಮೂರನೆಯವರಾಗಿ ಆಕಾಸ ಇದೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಯಾರಲ್ಲಿ ಏನಿದೆ?

ಇಂಡಿಗೋ ಬಲ ಇರುವುದು ಸಂಖ್ಯೆಯಲ್ಲಿ. 2006ರಲ್ಲಿ ಹಾರಲು ಶುರು ಮಾಡಿದ ಈ ಕಂಪನಿ ಈಗ 400ಕ್ಕೂ ಹೆಚ್ಚು ವಿಮಾನಗಳ ದೊಡ್ಡ ಪಡೆ ಕಟ್ಟಿದೆ. ದೇಶದೊಳಗೆ ಹಾರುವ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಜನ ಇವರ ವಿಮಾನದಲ್ಲೇ ಕೂರುತ್ತಾರೆ. ಬೆಂಗಳೂರು–ದೆಹಲಿ ನಡುವೆ ಬೆಳಗಿನಿಂದ ರಾತ್ರಿಯವರೆಗೆ ಹೆಚ್ಚು ಆಯ್ಕೆ ಇರುವುದು ಇವರಲ್ಲೇ. ಸಾಮಾನ್ಯ ಟಿಕೆಟ್‌ನಲ್ಲಿ 15 ಕೆ.ಜಿ. ಚೆಕ್‌-ಇನ್ ಲಗೇಜ್, 7 ಕೆ.ಜಿ. ಕೈಚೀಲ. ಊಟಕ್ಕೆ ಬೇರೆ ದುಡ್ಡು. 2024ರ ನವೆಂಬರ್‌ನಲ್ಲಿ ದೆಹಲಿ–ಮುಂಬೈ ದಾರಿಯಲ್ಲಿ ‘ಸ್ಟ್ರೆಚ್’ ಎಂಬ ಬಿಸಿನೆಸ್ ಸೀಟು ಶುರು ಮಾಡಿ, ಆಮೇಲೆ ಅದನ್ನು ದೆಹಲಿ–ಬೆಂಗಳೂರಿಗೂ ತಂದರು. ಅಕ್ಕಪಕ್ಕ ಎರಡೇ ಸೀಟು, ಕಾಲು ಚಾಚಲು ಜಾಗ, ಊಟ ಸೇರಿರುತ್ತದೆ. ಆದರೆ ಎಲ್ಲ ವಿಮಾನದಲ್ಲೂ ಅದು ಇರುವುದಿಲ್ಲ.

ಏರ್ ಇಂಡಿಯಾದ ಕಥೆ ಬೇರೆ. 2022ರ ಜನವರಿಯಲ್ಲಿ ಟಾಟಾ ಕೈಗೆ ಬಂದ ಮೇಲೆ ವಿಮಾನದ ಒಳಗನ್ನು ಹೊಸದು ಮಾಡುವ ಕೆಲಸ ಹಂತ ಹಂತವಾಗಿ ನಡೆದಿದೆ. ಎಕಾನಮಿಯಲ್ಲೂ ಊಟ ಟಿಕೆಟ್‌ನಲ್ಲೇ ಸೇರಿದೆ. ಮೂರು ಗಂಟೆ ಹತ್ತಿರದ ಪ್ರಯಾಣದಲ್ಲಿ ಇದು ಸಣ್ಣ ವಿಷಯವಲ್ಲ. ಬೆಳಗ್ಗೆ ನಾಲ್ಕಕ್ಕೆ ಮನೆ ಬಿಟ್ಟವರಿಗೆ ಬಿಸಿ ತಿಂಡಿ ಸಿಕ್ಕರೆ ಆ ದಿನದ ದಾರಿಯೇ ಹಗುರ. ಬಿಸಿನೆಸ್ ಮತ್ತು ಎಕಾನಮಿ ನಡುವೆ ಪ್ರೀಮಿಯಂ ಎಕಾನಮಿ ಎಂಬ ವರ್ಗವೂ ಇದೆ. ಉದ್ದ ಕಾಲಿನವರು ಅದರ ಬೆಲೆಯನ್ನೊಮ್ಮೆ ನೋಡಲೇಬೇಕು, ಕೆಲವೊಮ್ಮೆ ಎಕಾನಮಿಗಿಂತ ಬಹಳ ಜಾಸ್ತಿ ಇರುವುದಿಲ್ಲ. ಲಗೇಜ್ ಬಗ್ಗೆ ಮಾತ್ರ ಹಳೆಯ ನೆನಪನ್ನು ನಂಬಬೇಡಿ. ಏರ್ ಇಂಡಿಯಾದಲ್ಲಿ ಜಾಸ್ತಿ ಕೆ.ಜಿ. ಬಿಡುತ್ತಾರೆ ಎಂಬ ಮಾತು ಈಗಲೂ ಓಡಾಡುತ್ತದೆ. 2024ರಿಂದ ಕೆಳಗಿನ ದರದ ಟಿಕೆಟ್‌ಗಳಿಗೆ 15 ಕೆ.ಜಿ.ಯಷ್ಟೇ. ಜಾಸ್ತಿ ಬೇಕಾದರೆ ಮೇಲಿನ ದರದ ಟಿಕೆಟ್ ತೆಗೆಯಬೇಕು.

ಏರ್ ಇಂಡಿಯಾ ಎಕ್ಸ್‌ಪ್ರೆಸ್ ಅದೇ ಮನೆಯ ಅಗ್ಗದ ಕಂಪನಿ. ಇದರ ‘ಲೈಟ್’ ಟಿಕೆಟ್ ಪಟ್ಟಿಯಲ್ಲಿ ಎಷ್ಟೋ ಸಲ ಎಲ್ಲಕ್ಕಿಂತ ಮೇಲೆ ಕಾಣುತ್ತದೆ. ಅದು ಚೆಕ್‌-ಇನ್ ಲಗೇಜ್ ಇಲ್ಲದ ಟಿಕೆಟ್. ಕೈಚೀಲ ಒಂದೇ ಹಿಡಿದು ಹೋಗುವವರಿಗೆ ನಿಜವಾಗಿ ಒಳ್ಳೆಯದು. ಎರಡು ದಿನದ ಕೆಲಸಕ್ಕೆ ಹೋಗಿ ಬರುವ ಯುವಕರಿಗೆ ನಾನು ಇದನ್ನೇ ಹೇಳುತ್ತೇನೆ. ಸೂಟ್‌ಕೇಸ್ ಇರುವವರು ಮಾತ್ರ ಇದನ್ನು ಬೇರೆ ಕಂಪನಿಯ 15 ಕೆ.ಜಿ. ಟಿಕೆಟ್ ಜೊತೆ ನೇರ ಹೋಲಿಸಬಾರದು. ಲಗೇಜ್ ಹಣ ಸೇರಿಸಿ ಹೋಲಿಸಿ. ಅದನ್ನೂ ಬುಕ್ ಮಾಡುವಾಗಲೇ ಕೊಳ್ಳಿ. ಕೌಂಟರ್‌ನಲ್ಲಿ ನಿಂತು ಕೊಟ್ಟರೆ ಜಾಸ್ತಿಯಾಗುತ್ತದೆ.

ಆಕಾಸ 2022ರ ಆಗಸ್ಟ್‌ನಲ್ಲಿ ಹುಟ್ಟಿದ ಕಂಪನಿ. ವಿಮಾನಗಳೆಲ್ಲ ಬೋಯಿಂಗ್ 737 ಮ್ಯಾಕ್ಸ್, ಎಲ್ಲ ಹೊಸವು. ಈ ದಾರಿಯಲ್ಲಿ ಇವರ ವಿಮಾನಗಳು ಕಡಿಮೆ. ಆದರೆ ಸಮಯ ಹೊಂದಿದರೆ ಬೆಲೆ ಹಲವು ಸಲ ಚೆನ್ನಾಗಿರುತ್ತದೆ. ಮನೆಯ ನಾಯಿ, ಬೆಕ್ಕನ್ನು ಕ್ಯಾಬಿನ್‌ನಲ್ಲೇ ಕರೆದೊಯ್ಯಲು ಇವರು 2022ರ ನವೆಂಬರ್‌ನಿಂದ ಬಿಡುತ್ತಾರೆ. ತೂಕ, ಪಂಜರದ ಅಳತೆ ಎಲ್ಲಕ್ಕೂ ನಿಯಮ ಇದೆ, ಮುಂಚೆಯೇ ಕೇಳಿಕೊಳ್ಳಬೇಕು. ಕೆಲಸ ಬದಲಿಸಿ ದೆಹಲಿಗೆ ಮನೆ ಸಾಗಿಸುವವರಿಗೆ ಇದು ದೊಡ್ಡ ಉಪಕಾರ.

ಹೈದರಾಬಾದ್ ಅಥವಾ ಮುಂಬೈಯಲ್ಲಿ ಇಳಿದು ಬದಲಿಸುವ ಟಿಕೆಟ್‌ಗಳೂ ಪಟ್ಟಿಯಲ್ಲಿ ಬರುತ್ತವೆ. ನೇರ ವಿಮಾನ ಇಷ್ಟೊಂದು ಇರುವಾಗ ಸುಮ್ನೆ ಅದರ ಸಹವಾಸ ಬೇಡ.

ಹೊತ್ತು ಮತ್ತು ಹವಾಮಾನ

ಸೋಮವಾರ ಬೆಳಗ್ಗೆ ಮತ್ತು ಶುಕ್ರವಾರ ಸಂಜೆ ಟಿಕೆಟ್ ದುಬಾರಿ, ಇದು ಎಲ್ಲರಿಗೂ ಗೊತ್ತು. ಕಂಪನಿ ಖರ್ಚಿನವರು ಹಾರುವ ಹೊತ್ತು ಅದು. ನಡುವಿನ ದಿನಗಳ ಮಧ್ಯಾಹ್ನ, ತಡರಾತ್ರಿ, ಶನಿವಾರ ನಡುಹಗಲು ಸಾಮಾನ್ಯವಾಗಿ ಅಗ್ಗ.

ಬೆಲೆಗಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಒಂದೇ ವಿಮಾನ ದಿನವಿಡೀ ಬೇರೆ ಬೇರೆ ಊರುಗಳ ನಡುವೆ ಓಡುತ್ತದೆ. ಬೆಳಗ್ಗೆ ಎಲ್ಲೋ ಅರ್ಧ ಗಂಟೆ ತಡವಾದರೆ, ಸಂಜೆ ಹೊತ್ತಿಗೆ ಅದು ಬೆಳೆದು ಒಂದೂವರೆ ಗಂಟೆ ಆಗಿರಬಹುದು. ದಿನದ ಮೊದಲ ವಿಮಾನ ಹೆಚ್ಚಾಗಿ ರಾತ್ರಿಯೇ ಬಂದು ನಿಂತಿರುತ್ತದೆ. ಹಾಗಾಗಿ ಸಮಯಕ್ಕೆ ಬಿಡುವ ಸಾಧ್ಯತೆ ಅದಕ್ಕೇ ಜಾಸ್ತಿ. ಸಂದರ್ಶನ, ಕೋರ್ಟ್, ಪರೀಕ್ಷೆ ಇದ್ದವರಿಗೆ ವರ್ಷದ ಹೆಚ್ಚಿನ ದಿನ ಬೆಳಗಿನ ವಿಮಾನವೇ ಸರಿ.

ಆದರೆ ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಈ ಮಾತು ತಲೆಕೆಳಗಾಗುತ್ತದೆ. ದೆಹಲಿಯ ಮಂಜು ಬೀಳುವುದು ನಡುರಾತ್ರಿಯ ನಂತರ, ಕರಗುವುದು ಬೆಳಗ್ಗೆ ಹತ್ತರ ಹೊತ್ತಿಗೆ, ಕೆಲವು ದಿನ ಇನ್ನೂ ತಡ. ದೆಹಲಿ ರನ್‌ವೇಗಳಲ್ಲಿ ದಟ್ಟ ಮಂಜಿನಲ್ಲೂ ಇಳಿಸುವ ಕ್ಯಾಟ್-3 ವ್ಯವಸ್ಥೆ ಇದೆ. ಅದಕ್ಕೆ ವಿಮಾನವೂ ಸಜ್ಜಾಗಿರಬೇಕು, ಪೈಲಟ್‌ಗೂ ಆ ತರಬೇತಿ ಆಗಿರಬೇಕು. ಎಲ್ಲ ಇದ್ದರೂ ಮಂಜಿನಲ್ಲಿ ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ಇಳಿಯುತ್ತದೆ, ಸಾಲು ಬೆಳೆಯುತ್ತದೆ. ಕೆಲವು ವಿಮಾನಗಳನ್ನು ಜೈಪುರಕ್ಕೋ ಲಖನೌಗೋ ತಿರುಗಿಸುತ್ತಾರೆ. ನಮ್ಮ ದೇವನಹಳ್ಳಿಯೂ ಚಳಿಗಾಲದ ಬೆಳಗಿನಲ್ಲಿ ಮಂಜಿಗೆ ಹೆಸರಾದ ಜಾಗವೇ. ಎರಡೂ ಕಡೆ ಮಂಜು ಸೇರಿದರೆ ಬೆಳಗಿನ ವಿಮಾನದ ಪ್ರಯಾಣಿಕರು ಗೇಟಿನ ಮುಂದೆ ಕೂತೇ ಇರುತ್ತಾರೆ. ಆ ಆರು ವಾರ ನಾನಾದರೆ ಬೆಂಗಳೂರಿನಿಂದ ಹನ್ನೊಂದರಿಂದ ಎರಡು ಗಂಟೆಯೊಳಗೆ ಹೊರಡುವ ವಿಮಾನ ಆರಿಸುತ್ತೇನೆ. ಮರುದಿನ ಬೆಳಗ್ಗೆ ತಪ್ಪಿಸಲಾಗದ ಕೆಲಸ ಇದ್ದರೆ ಹಿಂದಿನ ಮಧ್ಯಾಹ್ನವೇ ಹೋಗಿ ಉಳಿಯುವುದು ಒಳ್ಳೆಯದು. ಒಂದು ರಾತ್ರಿಯ ರೂಮಿನ ಬಾಡಿಗೆಗೆ ಹೆದರಬೇಡಿ.

ಏಪ್ರಿಲ್, ಮೇ ತಿಂಗಳಲ್ಲಿ ತೊಂದರೆ ನಮ್ಮ ಕಡೆ. ಬೆಂಗಳೂರಿನ ಸಂಜೆ ಗುಡುಗು ಮಳೆಗೆ ಇಳಿಯುವ ವಿಮಾನಗಳನ್ನು ಚೆನ್ನೈ ಕಡೆ ತಿರುಗಿಸುವುದು ಆಗಾಗ ನಡೆಯುತ್ತದೆ. ಆ ತಿಂಗಳುಗಳಲ್ಲಿ ದೆಹಲಿಯಿಂದ ವಾಪಸ್ ಬರುವವರು ಮಧ್ಯಾಹ್ನ ಮೂರರೊಳಗೆ ಬೆಂಗಳೂರಲ್ಲಿ ಇಳಿಯುವ ವಿಮಾನ ಹಿಡಿದರೆ ನೆಮ್ಮದಿ. ದೆಹಲಿಯಲ್ಲಿ ಮೇ, ಜೂನ್‌ನ ಧೂಳು ಬಿರುಗಾಳಿಯೂ ಸಂಜೆಯದೇ.

ಇದರ ಜೊತೆಗೆ ನಮ್ಮ ಊರಿನ ಟ್ರಾಫಿಕ್ ಸೇರಿಸಿ. ಕೆಂಪೇಗೌಡ ವಿಮಾನ ನಿಲ್ದಾಣ ಊರಿನ ನಡುವಿನಿಂದ ಸುಮಾರು 35 ಕಿ.ಮೀ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇರುವವರಿಗೆ ಸಂಜೆ ಏಳರ ವಿಮಾನ ಎಂದರೆ ಅರ್ಧ ದಿನವೇ ರಸ್ತೆಗೆ ಹೋಯಿತು ಅಂತ ಲೆಕ್ಕ. ಅವರಿಗೆ ಬೆಳಗಿನ ಐದು, ಆರರ ವಿಮಾನ ನಿದ್ದೆ ಕೆಡಿಸಿದರೂ ಸಮಯ ಉಳಿಸುತ್ತದೆ. ವಾಯುವಜ್ರ ಬಸ್ಸುಗಳು ರಾತ್ರಿಯೂ ಇರುವ ದಾರಿಗಳಿವೆ, ನಿಮ್ಮ ಬಡಾವಣೆಯದು ನೋಡಿಟ್ಟುಕೊಳ್ಳಿ. ಯಲಹಂಕ, ಹೆಬ್ಬಾಳ ಕಡೆಯವರಿಗೆ ಈ ಚಿಂತೆಯೇ ಇಲ್ಲ.

ಯಾವ ಟರ್ಮಿನಲ್, ಅಲ್ಲಿಂದ ಎಲ್ಲಿಗೆ?

ಬುಕ್ ಮಾಡುವಾಗ ಜನ ಹೆಚ್ಚು ಕಡೆಗಣಿಸುವುದು ಇದನ್ನೇ. ನನ್ನ ಪ್ರಕಾರ ಈ ದಾರಿಯಲ್ಲಿ ಅತಿ ಹೆಚ್ಚು ದುಡ್ಡು, ಸಮಯ ಉಳಿಯುವುದೂ ಇಲ್ಲೇ.

ಬೆಂಗಳೂರಿನಲ್ಲಿ ಲೆಕ್ಕ ಸುಲಭ. ಏರ್ ಇಂಡಿಯಾ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಟರ್ಮಿನಲ್ 2ರಿಂದ, ಇಂಡಿಗೋ ಮತ್ತು ಆಕಾಸದ ದೇಶದೊಳಗಿನ ವಿಮಾನಗಳು ಟರ್ಮಿನಲ್ 1ರಿಂದ ಹೊರಡುತ್ತವೆ. ಎರಡೂ ಹತ್ತಿರದಲ್ಲೇ ಇವೆ, ನಡುವೆ ಉಚಿತ ಬಸ್ ಇದೆ. ತಪ್ಪಿ ಇಳಿದರೂ ದೊಡ್ಡ ಅನಾಹುತವಿಲ್ಲ. ಬಿದಿರು, ಗಿಡಬಳ್ಳಿಗಳ ಟರ್ಮಿನಲ್ 2 ಚೆಂದವೇ, ಆದರೆ ಒಳಗೆ ನಡೆಯುವ ದೂರ ಜಾಸ್ತಿ. ಮಂಡಿ ನೋವಿನ ಹಿರಿಯರಿದ್ದರೆ ಟಿಕೆಟ್ ತೆಗೆಯುವಾಗಲೇ ವೀಲ್‌ಚೇರ್ ಕೇಳಿ.

ದೆಹಲಿಯಲ್ಲಿ ಹಾಗಲ್ಲ. ಅಲ್ಲಿ ಟರ್ಮಿನಲ್ 2 ಮತ್ತು 3 ಅಕ್ಕಪಕ್ಕ ಇವೆ. ಟರ್ಮಿನಲ್ 1 ಹಲವು ಕಿ.ಮೀ. ದೂರ, ರನ್‌ವೇಗಳ ಆಚೆ. ಒಂದೇ ಇಂಡಿಗೋ ಕಂಪನಿಯ ವಿಮಾನಗಳೂ ದೆಹಲಿಯಲ್ಲಿ ಬೇರೆ ಬೇರೆ ಟರ್ಮಿನಲ್‌ಗೆ ಹೋಗುತ್ತವೆ. ಅದರ ಮೇಲೆ ವರ್ಷ ವರ್ಷವೂ ಬದಲಾವಣೆ. 2024ರ ಜೂನ್ 28ರಂದು ಮಳೆಗೆ ಟರ್ಮಿನಲ್ 1ರ ಹೊರ ಚಾವಣಿ ಕುಸಿದು ಒಬ್ಬ ಕ್ಯಾಬ್ ಚಾಲಕ ಪ್ರಾಣ ಕಳೆದುಕೊಂಡರು, ಟರ್ಮಿನಲ್ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಟರ್ಮಿನಲ್ 2 ದುರಸ್ತಿಗೆ ಮುಚ್ಚಿ, ವಿಮಾನಗಳೆಲ್ಲ ಮತ್ತೆ ತೆರೆದ ಟರ್ಮಿನಲ್ 1ಕ್ಕೆ ಬಂದವು. ಅಕ್ಟೋಬರ್ ಕೊನೆಗೆ ಟರ್ಮಿನಲ್ 2 ತೆರೆದಾಗ ಮತ್ತೆ ಜಾಗ ಬದಲಾವಣೆ. ಆಗ ಏರ್ ಇಂಡಿಯಾ ತನ್ನ ದೇಶದೊಳಗಿನ ಕೆಲವು ವಿಮಾನಗಳನ್ನು ಟರ್ಮಿನಲ್ 2ಕ್ಕೆ ತಂದಿತು, ಎಕ್ಸ್‌ಪ್ರೆಸ್ ಟರ್ಮಿನಲ್ 1ಕ್ಕೆ ಹೋಯಿತು. ಹೋದ ಸಲ ಎಲ್ಲಿ ಇಳಿದಿರಿ ಎಂಬುದು ಈ ಸಲಕ್ಕೆ ಪ್ರಯೋಜನವಿಲ್ಲ. ಟಿಕೆಟ್‌ನಲ್ಲಿ ಬರೆದದ್ದೇ ಸರಿ. ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿ.

ಯಾವುದು ನಿಮಗೆ ಒಳ್ಳೆಯದು ಎನ್ನುವುದು ನೀವು ಹೋಗುವ ಜಾಗದ ಮೇಲೆ ನಿಂತಿದೆ. ನೋಯ್ಡಾಗೆ ಹೋಗುವವರು ಕಣ್ಣು ಮುಚ್ಚಿ ಟರ್ಮಿನಲ್ 1ರ ವಿಮಾನ ತೆಗೆಯಬಹುದು. ಟರ್ಮಿನಲ್ ಪಕ್ಕದಲ್ಲೇ ಮೆಜೆಂಟಾ ಲೈನ್ ಮೆಟ್ರೊ ಇದೆ. ಹತ್ತಿ ಕೂತರೆ ಎಲ್ಲೂ ಬದಲಿಸದೆ ನೋಯ್ಡಾದ ಬೊಟಾನಿಕಲ್ ಗಾರ್ಡನ್ ತನಕ ಹೋಗುತ್ತದೆ. ಜೆಎನ್‌ಯು ಮಕ್ಕಳಿಗೆ ಮುನಿರ್ಕಾ, ದೆಹಲಿ ಕರ್ನಾಟಕ ಸಂಘದ ಕಡೆ ಹೋಗುವವರಿಗೆ ಆರ್.ಕೆ. ಪುರಂ, ಐಐಟಿಗೆ ಐಐಟಿ ನಿಲ್ದಾಣ, ಎಲ್ಲವೂ ಅದೇ ಲೈನಿನಲ್ಲಿ. ಕ್ಯಾಬ್‌ಗೆ ನೂರಾರು ರೂಪಾಯಿ ಕೊಟ್ಟು ದೆಹಲಿಯ ಟ್ರಾಫಿಕ್‌ನಲ್ಲಿ ಕೂರುವುದು ತಪ್ಪುತ್ತದೆ.

ಹೊಸ ದೆಹಲಿ ರೈಲು ನಿಲ್ದಾಣ, ಕನಾಟ್ ಪ್ಲೇಸ್, ಪಹಾಡ್‌ಗಂಜ್ ಕಡೆಯವರಿಗೆ ಟರ್ಮಿನಲ್ 2 ಅಥವಾ 3 ಬೇಕು. ಅಲ್ಲಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ಸುಮಾರು 20 ನಿಮಿಷದಲ್ಲಿ ಹೊಸ ದೆಹಲಿ ನಿಲ್ದಾಣ ಮುಟ್ಟಿಸುತ್ತದೆ. ಹರಿದ್ವಾರ, ಡೆಹ್ರಾಡೂನ್, ಕಾಲ್ಕಾ ಕಡೆಯ ಶತಾಬ್ದಿ ರೈಲುಗಳು ಹೊರಡುವುದು ಅಲ್ಲಿಂದಲೇ. ಹಿಮಾಚಲದ ಬಸ್ಸುಗಳಿಗೆ ಕಾಶ್ಮೀರಿ ಗೇಟ್ ಬೇಕು. ಹೊಸ ದೆಹಲಿಯಲ್ಲಿ ಹಳದಿ ಲೈನ್ ಹತ್ತಿದರೆ ಆಯಿತು. ಗುರುಗ್ರಾಮದವರಿಗೂ ಟರ್ಮಿನಲ್ 3 ವಾಸಿ, ಹೆದ್ದಾರಿ ಪಕ್ಕದಲ್ಲೇ ಇದೆ. ಮೆಟ್ರೊ ಸುಮಾರು ರಾತ್ರಿ ಹನ್ನೊಂದರ ಹೊತ್ತಿಗೆ ಮುಗಿಯುತ್ತದೆ ಎನ್ನುವುದನ್ನು ಮರೆಯಬೇಡಿ. ಹತ್ತೂವರೆಗೆ ಇಳಿಯುವ ಅಗ್ಗದ ವಿಮಾನ ಅರ್ಧ ಗಂಟೆ ತಡವಾದರೂ ಮೆಟ್ರೊ ತಪ್ಪಿ, ಉಳಿಸಿದ ದುಡ್ಡು ಕ್ಯಾಬ್‌ಗೆ ಹೋಗುತ್ತದೆ.

ಗಾಜಿಯಾಬಾದ್, ಪೂರ್ವ ದೆಹಲಿಯಲ್ಲಿ ನೆಂಟರು ಇರುವವರಿಗೆ ಇನ್ನೊಂದು ದಾರಿ ಇದೆ. ಯಮುನೆಯ ಆಚೆ, ಗಾಜಿಯಾಬಾದ್ ಪಕ್ಕದ ಹಿಂಡನ್ ವಾಯುನೆಲೆಯಲ್ಲಿ ಸಣ್ಣ ಟರ್ಮಿನಲ್ ಇದೆ. ಬೆಂಗಳೂರಿನಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಅಲ್ಲಿಗೆ ನೇರ ವಿಮಾನ ಶುರು ಮಾಡಿತು, 2025ರ ಜುಲೈನಲ್ಲಿ ಇಂಡಿಗೋ ಕೂಡ ಬಂತು. ಚಿಕ್ಕ ನಿಲ್ದಾಣ, ಬೇಗ ಹೊರಗೆ ಬರಬಹುದು. ಟಿಕೆಟ್ ಹುಡುಕುವಾಗ ‘ದೆಹಲಿ’ ಎಂದಷ್ಟೇ ಹಾಕಿದರೆ ಕೆಲವು ಆ್ಯಪ್‌ಗಳು ಹಿಂಡನ್ ವಿಮಾನವನ್ನೂ ಬೆರೆಸಿ ತೋರಿಸುತ್ತವೆ. ಗುರುಗ್ರಾಮಕ್ಕೆ ಹೋಗಬೇಕಾದವರು ಅಲ್ಲಿ ಇಳಿದರೆ ಇಡೀ ದೆಹಲಿ ದಾಟಬೇಕು! ನಿಲ್ದಾಣದ ಹೆಸರು ಓದದೆ ದುಡ್ಡು ಕಟ್ಟಬೇಡಿ.

ನಿಜವಾದ ಬೆಲೆ

ಪರದೆಯ ಮೇಲಿನ ಮೊತ್ತಕ್ಕೆ ನಾಲ್ಕು ಸೇರಿಸಿ: ಲಗೇಜ್, ಸೀಟು, ಊಟ, ಎರಡೂ ಊರಿನ ಕ್ಯಾಬ್. ಒಂದು ಉದಾಹರಣೆ ಹೇಳುತ್ತೇನೆ, ಅಂಕಿಗಳು ಲೆಕ್ಕಕ್ಕಾಗಿ ಹಾಕಿದವು. ಒಂದು ಟಿಕೆಟ್ 5,600 ರೂಪಾಯಿ, ಇನ್ನೊಂದು 6,300. ಅಗ್ಗದ್ದು ರಾತ್ರಿ ಹನ್ನೊಂದೂವರೆಗೆ ಇಳಿಯುತ್ತದೆ, ಚೆಕ್‌-ಇನ್ ಲಗೇಜ್ ಇಲ್ಲ. ದುಬಾರಿಯದ್ದು ಸಂಜೆ ಇಳಿಯುತ್ತದೆ, 15 ಕೆ.ಜಿ. ಮತ್ತು ಊಟ ಸೇರಿದೆ, ಮೆಟ್ರೊ ಸಿಗುತ್ತದೆ. ಸೂಟ್‌ಕೇಸ್ ಇರುವವರಿಗೆ ಎರಡನೆಯದೇ ಅಗ್ಗ. ಕೈಚೀಲದವರಿಗೆ, ಗೆಳೆಯರು ಬಂದು ಕರೆದೊಯ್ಯುತ್ತಾರೆ ಎಂದಿದ್ದರೆ, ಮೊದಲನೆಯದು.

ಸೀಟಿನ ವಿಷಯದಲ್ಲಿ ಗಡಿಬಿಡಿ ಬೇಡ. ವೆಬ್ ಚೆಕ್‌-ಇನ್ ಮಾಡುವಾಗ ಎಲ್ಲ ಸೀಟಿಗೂ ಬೆಲೆ ಕಾಣಿಸಿದರೂ, ಸೀಟು ಆರಿಸದೆ ಮುಂದೆ ಹೋಗುವ ದಾರಿ ಇರುತ್ತದೆ. ಒಬ್ಬರೇ ಹೋಗುವವರು ಹಾಗೆಯೇ ಮಾಡಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ದುಡ್ಡು ಕೊಟ್ಟರೂ ಸರಿ, ಒಟ್ಟಿಗೆ ಕೂರಿ. ಎಕಾನಮಿ ಟಿಕೆಟ್‌ಗೆ ಜಿಎಸ್‌ಟಿ ಶೇ 5. ಬಿಸಿನೆಸ್, ಪ್ರೀಮಿಯಂಗೆ 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ. ಮೇಲಿನ ವರ್ಗ ನೋಡುವವರು ತೆರಿಗೆ ಸೇರಿದ ಮೊತ್ತವನ್ನೇ ಹೋಲಿಸಬೇಕು.

ಪ್ರಯಾಣಕ್ಕೆ ಏಳು ದಿನಕ್ಕಿಂತ ಹೆಚ್ಚು ಇದ್ದು, ಕಂಪನಿಯಿಂದಲೇ ನೇರ ಬುಕ್ ಮಾಡಿದರೆ, 48 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಬಹುದು. ಒಳ್ಳೆಯ ಬೆಲೆ ಕಂಡರೆ ತೆಗೆದಿಟ್ಟು, ಮನೆಯಲ್ಲಿ ಕೇಳಿ ಮರುದಿನದೊಳಗೆ ತೀರ್ಮಾನಿಸಬಹುದು.

ಕೈಕೊಟ್ಟಾಗ

ವಿಮಾನ ಕೈಕೊಟ್ಟ ದಿನವೇ ಇಷ್ಟೊಂದು ವಿಮಾನಗಳ ಬೆಲೆ ತಿಳಿಯುವುದು. ದಿನಕ್ಕೆ ಹತ್ತಾರು ವಿಮಾನ ಬಿಡುವ ಕಂಪನಿಯಲ್ಲಿ ನಿಮ್ಮದು ರದ್ದಾದರೆ ಎರಡು ಗಂಟೆ ಬಿಟ್ಟು ಹೊರಡುವುದರಲ್ಲಿ ಸೀಟು ಸಿಗಬಹುದು. ದಿನಕ್ಕೆ ಮೂರೋ ನಾಲ್ಕೋ ಬಿಡುವವರಲ್ಲಿ ಮರುದಿನಕ್ಕೆ ಕಾಯಬೇಕಾಗಬಹುದು. ಅದಕ್ಕೇ ಕೊನೆಯ ವಿಮಾನವನ್ನು ನಾನು ಬಿಡುತ್ತೇನೆ, ಎಷ್ಟೇ ಅಗ್ಗವಿದ್ದರೂ. ಕೊನೆಯದಕ್ಕಿಂತ ಹಿಂದಿನದು ತೆಗೆದರೆ ಹಿಂದೆ ಇನ್ನೊಂದು ಆಸರೆ ಇರುತ್ತದೆ.

ಆದರೆ 2025ರ ಡಿಸೆಂಬರ್ ಈ ಲೆಕ್ಕಕ್ಕೂ ಒಂದು ಮಿತಿ ತೋರಿಸಿತು. ಪೈಲಟ್‌ಗಳಿಗೆ ಜಾಸ್ತಿ ವಿಶ್ರಾಂತಿ ಕೊಡಬೇಕೆಂಬ ಹೊಸ ನಿಯಮದ ಎರಡನೇ ಹಂತ ನವೆಂಬರ್ 1ರಿಂದ ಬಂತು. ವಾರದ ವಿಶ್ರಾಂತಿ ಮೊದಲ ಹಂತದಲ್ಲೇ 36 ಗಂಟೆಯಿಂದ 48ಕ್ಕೆ ಏರಿತ್ತು, ಈ ಹಂತದಲ್ಲಿ ರಾತ್ರಿ ವಿಮಾನ ಇಳಿಸುವ ಸಂಖ್ಯೆಗೆ ಕಡಿವಾಣ ಬಿತ್ತು. ಅದಕ್ಕೆ ತಕ್ಕಷ್ಟು ಸಿಬ್ಬಂದಿ ಹೊಂದಿಸಲು ಇಂಡಿಗೋಗೆ ಆಗಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಅಂದು ದೆಹಲಿಯಿಂದ ದೇಶದೊಳಗೆ ಹೊರಡುವ ಇಂಡಿಗೋ ವಿಮಾನಗಳೆಲ್ಲ ನಡುರಾತ್ರಿಯವರೆಗೆ ರದ್ದು. ಉಳಿದ ಕಂಪನಿಗಳ ಟಿಕೆಟ್ ಬೆಲೆ ಗಗನಕ್ಕೇರಿ, ಮರುದಿನ ಸರ್ಕಾರ ಮಿತಿ ಹಾಕಬೇಕಾಯಿತು. 1,500 ಕಿ.ಮೀ.ಗಿಂತ ದೂರದ ದಾರಿಗೆ, ಅಂದರೆ ನಮ್ಮ ದಾರಿಗೆ, 18,000 ರೂಪಾಯಿ. ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು ನೆಲದ ಮೇಲೆ ಮಲಗಿದ ಆ ದಿನಗಳು ಮರೆಯುವಂಥವಲ್ಲ. ಪೈಲಟ್‌ಗೆ ನಿದ್ದೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ನಿಯಮ ಬರುವುದು ಮುಂಚೆಯೇ ಗೊತ್ತಿತ್ತು, ತಯಾರಿ ಮಾಡಿಕೊಳ್ಳಬೇಕಿತ್ತು.

ಇದರಿಂದ ನಾನು ಕಲಿತದ್ದು ಇಷ್ಟು. ತಪ್ಪಿಸಲಾಗದ ಪ್ರಯಾಣಕ್ಕೆ ಹೋಗುವ, ಬರುವ ಟಿಕೆಟ್‌ಗಳನ್ನು ಎರಡು ಬೇರೆ ಮನೆಯ ಕಂಪನಿಗಳಲ್ಲಿ ತೆಗೆಯಿರಿ. ಏರ್ ಇಂಡಿಯಾ ಮತ್ತು ಎಕ್ಸ್‌ಪ್ರೆಸ್ ಒಂದೇ ಮನೆ ಎನ್ನುವುದು ನೆನಪಿರಲಿ. ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಪ್ರತಿ ತಿಂಗಳು ದೊಡ್ಡ ನಿಲ್ದಾಣಗಳಲ್ಲಿ ಯಾವ ಕಂಪನಿ ಎಷ್ಟು ಸಲ ಸಮಯಕ್ಕೆ ಹೊರಟಿತು ಎಂಬ ಪಟ್ಟಿ ಪ್ರಕಟಿಸುತ್ತದೆ. ಬೆಂಗಳೂರು, ದೆಹಲಿ ಎರಡೂ ಅದರಲ್ಲಿವೆ. ಹದಿನೈದು ನಿಮಿಷದೊಳಗಿನ ತಡವನ್ನು ಅದರಲ್ಲಿ ತಡ ಅಂತ ಎಣಿಸುವುದಿಲ್ಲ. ಹಿಂದಿನ ಎರಡು ಮೂರು ತಿಂಗಳಿನದನ್ನು ನೋಡಿದರೆ ಜಾಹೀರಾತಿಗಿಂತ ಚೆನ್ನಾಗಿ ಅಂದಾಜು ಸಿಗುತ್ತದೆ.

ನಿಮಗೆ ಸಿಗಬೇಕಾದದ್ದನ್ನು ಕೇಳಿ ಪಡೆಯಿರಿ. ಈ ದಾರಿಯ ಪ್ರಯಾಣ ಎರಡೂವರೆ ಗಂಟೆ ಮೀರುವುದರಿಂದ, ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ ತಿಂಡಿ, ಊಟ ಕೊಡಬೇಕು. ಆರು ಗಂಟೆ ಮೀರುವ ತಡವಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್. ರದ್ದಾದ ವಿಷಯವನ್ನು 24 ಗಂಟೆ ಮುಂಚೆ ತಿಳಿಸದಿದ್ದರೆ, ಎರಡು ಗಂಟೆ ಮೀರಿದ ಪ್ರಯಾಣಕ್ಕೆ 10,000 ರೂಪಾಯಿ ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಕಡಿಮೆ ಇರುವುದು ಪರಿಹಾರ. ಮಂಜು, ಬಿರುಗಾಳಿಯಂಥ ಕಾರಣಕ್ಕೆ ಈ ಪರಿಹಾರ ಇಲ್ಲ, ಹಣ ವಾಪಸ್ ಮಾತ್ರ ಇದ್ದೇ ಇದೆ. ಕೊಡಲಿಲ್ಲ ಅಂದರೆ ಸರ್ಕಾರದ ದೂರು ತಾಣ ಏರ್‌ಸೇವಾದಲ್ಲಿ ದೂರು ಹಾಕಿ. ಬೋರ್ಡಿಂಗ್ ಪಾಸ್, ಬಂದ ಮೆಸೇಜ್ ಯಾವುದನ್ನೂ ಅಳಿಸಬೇಡಿ.

ನಾನಾದರೆ

ಅಪ್ಪ ಅಮ್ಮನನ್ನು ಕಳಿಸುವಾಗ ಏರ್ ಇಂಡಿಯಾದ ನಡುಹಗಲಿನ ವಿಮಾನ. ಊಟ ಸಿಗುತ್ತದೆ, ಬೆಳಗಿನ ಓಟವಿಲ್ಲ, ಇಳಿದಾಗ ಇನ್ನೂ ಬೆಳಕಿರುತ್ತದೆ. ಸಂದರ್ಶನಕ್ಕೆ ಹೊರಟ ಹುಡುಗಿಗೆ, ಚಳಿಗಾಲ ಬಿಟ್ಟು, ಇಂಡಿಗೋದ ಬೆಳಗಿನ ಮೊದಲ ಎರಡರಲ್ಲಿ ಒಂದು, ಹಿಂದೆ ಇನ್ನೂ ಇವೆ ಎಂಬ ಧೈರ್ಯಕ್ಕೆ. ರಜೆಗೆ ಮನೆಗೆ ಬರುವ ವಿದ್ಯಾರ್ಥಿಗೆ ಆಕಾಸ ಅಥವಾ ಎಕ್ಸ್‌ಪ್ರೆಸ್, ವಾರದ ನಡುವೆ, ಬೆಲೆ ನೋಡಿ. ದೆಹಲಿಯಲ್ಲಿ ವಿಮಾನ ಬದಲಿಸಿ ಟೊರೊಂಟೊ, ವ್ಯಾಂಕೂವರ್ ಕಡೆ ಹೋಗುವವರು ಬೆಂಗಳೂರು–ದೆಹಲಿ ಭಾಗವನ್ನು ಬೇರೆ ಟಿಕೆಟ್‌ನಲ್ಲಿ ತೆಗೆಯಲೇಬೇಡಿ. ಒಂದೇ ಪಿಎನ್‌ಆರ್ ಇದ್ದರೆ ಮೊದಲ ವಿಮಾನ ತಡವಾದರೂ ಮುಂದಿನದರ ಹೊಣೆ ಕಂಪನಿಯದು. ಬೇರೆ ಬೇರೆ ಇದ್ದರೆ ಆ ಹೊಣೆ ನಿಮ್ಮ ತಲೆಗೇ.

ಹುಬ್ಬಳ್ಳಿ, ಬೆಳಗಾವಿ, ಮಂಗಳೂರು ಕಡೆಯವರು ಬೆಂಗಳೂರಿಗೆ ಬರುವ ಮುಂಚೆ ತಮ್ಮ ಊರಿನಿಂದ ದೆಹಲಿಗೆ ನೇರ ವಿಮಾನ ಇದೆಯೇ ನೋಡಿ. ಇಂಡಿಗೋ ಈ ಊರುಗಳಿಂದ ಅಂಥ ವಿಮಾನ ಶುರು ಮಾಡಿದೆ. ಟಿಕೆಟ್ ಸಾವಿರ, ಎರಡು ಸಾವಿರ ಜಾಸ್ತಿ ಕಂಡರೂ ಬೆಂಗಳೂರಿನ ರಾತ್ರಿ ಬಸ್ಸು, ಅಲ್ಲಿಂದ ದೇವನಹಳ್ಳಿಯ ಓಡಾಟ, ನಿದ್ದೆಗೆಟ್ಟ ಒಂದು ದಿನ ಲೆಕ್ಕ ಹಾಕಿದರೆ ಹೆಚ್ಚಿನ ಸಲ ಅದೇ ಲೇಸು. ದಿನಕ್ಕೆ ಒಂದೋ ಎರಡೋ ಇರುವ ವಿಮಾನ ಅದು, ರದ್ದಾದರೆ ಬದಲಿ ಸಿಗುವುದು ಕಷ್ಟ. ಹಾಗಾಗಿ ಕೆಲಸಕ್ಕೆ ಒಂದು ದಿನ ಮುಂಚೆ ತಲುಪುವಂತೆ ಬುಕ್ ಮಾಡಿ.